ಶಾಲೆಗಾಗಿ ಸುಳ್ಳು ವಿಳಾಸ: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸ ಶಾಲಾ ವರ್ಷ ಹತ್ತಿರವಾಗುತ್ತಿರುವ ಈ ದಿನಗಳಲ್ಲಿ ಕಾಸರಗೋಡಿನ ಉತ್ತರ ಭಾಗದಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ಮನೆ ಕೇರಳದಲ್ಲಿದ್ದು, ಮಕ್ಕಳನ್ನು ಕರ್ನಾಟಕದ ಸರ್ಕಾರಿ ಶಾಲೆಗೆ ಸೇರಿಸುವ ಸಲುವಾಗಿ ಅಲ್ಲಿ ವಾಸವಿದ್ದಂತೆ ಕಾಗದಪತ್ರ ಮಾಡಿಸಬಹುದೇ, ಮಾಡಿಸಿದರೆ ಏನಾಗುತ್ತದೆ ಎಂಬುದೇ ಅವುಗಳ ತಿರುಳು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾವು ವರ್ಕಾಡಿಯವರು. ಮಗಳು ಇಲ್ಲಿನ ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸುತ್ತಿದ್ದಾಳೆ. ಐದನೆಯ ತರಗತಿಗೆ ಗಡಿಯಾಚೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಬೇಕೆಂದಿದ್ದೇವೆ. ಆ ಶಾಲೆಯಲ್ಲಿ ವಿಚಾರಿಸಿದಾಗ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು ಎಂದರು. ನನ್ನ ಹೆಂಡತಿಯ ಅಣ್ಣನ ಮನೆ ಕೊಣಾಜೆಯಲ್ಲಿದೆ. ಅವರ ಮನೆಯಲ್ಲಿ ಬಾಡಿಗೆಗೆ ಇದ್ದೇವೆಂದು ಕರಾರುಪತ್ರ ಬರೆಸಿ ಆಧಾರ್ ಬದಲಾಯಿಸಿ ಕೊಡುತ್ತೇನೆ ಎಂದು ಪರಿಚಯದ ಒಬ್ಬರು ಹೇಳುತ್ತಿದ್ದಾರೆ. ಎಲ್ಲರೂ ಹೀಗೆಯೇ ಮಾಡುತ್ತಾರಂತೆ. ಇದರಲ್ಲಿ ತಪ್ಪಿದೆಯೇ?

ಉತ್ತರ: ತಪ್ಪಿದೆ, ಮತ್ತು ಅದರ ಅಗತ್ಯವೂ ಇಲ್ಲ. ಅಗತ್ಯವಿಲ್ಲ ಎಂಬುದನ್ನು ಮೊದಲು ವಿವರಿಸುತ್ತೇನೆ, ಏಕೆಂದರೆ ಗಡಿನಾಡಿನ ಎಷ್ಟೋ ತಂದೆತಾಯಿಯರು ತಮ್ಮ ಮಕ್ಕಳಿಗೆ ಕಾನೂನೇ ಕೊಟ್ಟಿರುವ ಹಕ್ಕನ್ನು ಸುಳ್ಳು ಹೇಳಿ ಪಡೆಯಲು ಹೊರಟಿರುವುದನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ.

2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 5ನೆಯ ಕಲಮಿನ ಪ್ರಕಾರ, ಯಾವುದೇ ಕಾರಣಕ್ಕೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾದ ಮಗುವಿಗೆ ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೊಂದು ಶಾಲೆಗೆ ವರ್ಗಾವಣೆ ಕೇಳುವ ಹಕ್ಕಿದೆ. ಈ ಹಕ್ಕು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅನ್ವಯಿಸುತ್ತದೆ. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ಕೂಡಲೇ ಟಿಸಿ ಕೊಡಬೇಕು, ಮತ್ತು ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ಪ್ರವೇಶವನ್ನು ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಟಿಸಿಗೆ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವ ರೂಢಿ ಇರುವುದರಿಂದ ಅದನ್ನು ಮೊದಲೇ ಮಾಡಿಸಿಕೊಂಡರೆ ಓಡಾಟ ಕಡಿಮೆಯಾಗುತ್ತದೆ. ಕಾಯ್ದೆಯಲ್ಲಿ ನೆರೆಹೊರೆಯ ಶಾಲೆ ಎಂಬ ಮಾತಿದೆ ನಿಜ. ಆದರೆ ಅದು ಸರ್ಕಾರವು ಮಗುವಿನ ಮನೆಯ ಹತ್ತಿರ ಶಾಲೆಯನ್ನು ಒದಗಿಸಬೇಕೆಂಬ ಹೊಣೆಯನ್ನು ಹೇಳುತ್ತದೆಯೇ ಹೊರತು, ದೂರದಿಂದ ಬಂದ ಮಗುವನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸುವುದಕ್ಕೆ ಸರ್ಕಾರಿ ಶಾಲೆಗೆ ಕೊಟ್ಟ ಅಧಿಕಾರವಲ್ಲ.

ಇನ್ನು ಆಧಾರ್ ವಿಚಾರ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಶಾಲಾ ಪ್ರವೇಶಕ್ಕೆ ಆಧಾರ್ ಅನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, 2016ರ ಆಧಾರ್ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಆಧಾರ್ ಸಂಖ್ಯೆಯು ತಾನಾಗಿಯೇ ಪೌರತ್ವಕ್ಕಾಗಲಿ ಕಾಯಂ ವಾಸಕ್ಕಾಗಲಿ ಪುರಾವೆಯಲ್ಲ. ಅಂದರೆ, ಕೊಣಾಜೆಯ ವಿಳಾಸವಿರುವ ಆಧಾರ್ ಇದ್ದ ಮಾತ್ರಕ್ಕೆ ನಿಮ್ಮ ಮಗಳು ಕರ್ನಾಟಕದ ನಿವಾಸಿಯೆಂದು ಯಾವ ಕಚೇರಿಯೂ ಒಪ್ಪಬೇಕಾಗಿಲ್ಲ, ಮತ್ತು ವರ್ಕಾಡಿಯ ವಿಳಾಸವಿರುವ ಆಧಾರ್ ಇದ್ದ ಮಾತ್ರಕ್ಕೆ ಯಾವ ಸರ್ಕಾರಿ ಶಾಲೆಯೂ ಅವಳನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ಹಾಗಾದರೆ ಶಾಲೆಯಲ್ಲಿ ಅಂತಹ ಮಾತು ಏಕೆ ಬಂತು? ಕರ್ನಾಟಕದಲ್ಲಿ ಖಾಸಗಿ ಅನುದಾನರಹಿತ ಶಾಲೆಗಳಲ್ಲಿ ಇದೇ ಕಾಯ್ದೆಯಡಿ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಾದ ಶೇಕಡಾ 25ರ ಸೀಟುಗಳಿಗೆ ಅರ್ಜಿ ಹಾಕುವಾಗ ಅದೇ ವಾರ್ಡಿನ ಅಥವಾ ಅದೇ ಕಂದಾಯ ಗ್ರಾಮದ ವಿಳಾಸ ಬೇಕಾಗುತ್ತಿತ್ತು. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗಳಲ್ಲಿ ಮಾತ್ರ ಆ ಸೀಟುಗಳು ಉಳಿದವು. ಆದರೂ ಮಗುವಿನ ಪ್ರವೇಶವೆಂದರೆ ಸ್ಥಳೀಯ ವಿಳಾಸ ಬೇಕು ಎಂಬ ಅಭ್ಯಾಸದ ಮಾತು ಹಾಗೆಯೇ ಉಳಿದುಕೊಂಡಿರಬಹುದು. ಮಗುವಿನ ವಿವರವನ್ನು ಕಂಪ್ಯೂಟರಿನಲ್ಲಿ ತುಂಬಿಸುವಾಗ ಬರುವ ತೊಡಕೂ ಇನ್ನೊಂದು ಕಾರಣ. ಕರ್ನಾಟಕದ ಮಕ್ಕಳಿಗೆ ಆ ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಸ್ಯಾಟ್ಸ್ ಸಂಖ್ಯೆ ಇರುತ್ತದೆ, ಕೇರಳದಿಂದ ಬಂದ ಮಗುವಿಗೆ ಅದು ಇರುವುದಿಲ್ಲ. ಆದರೆ ದೇಶದ ಎಲ್ಲ ಶಾಲೆಗಳಿಗೂ ಸಾಮಾನ್ಯವಾಗಿರುವ ಯು-ಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಪೆನ್ ಎಂಬ ಕಾಯಂ ಶಿಕ್ಷಣ ಸಂಖ್ಯೆ ಇದ್ದು, ಅದನ್ನು ಈಗಿನ ಶಾಲೆಯಿಂದ ಬರೆಸಿಕೊಂಡು ಹೋದರೆ ಆ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಒಂದರಿಂದ ನಾಲ್ಕರವರೆಗೆ ಅವಳು ಕೇರಳದಲ್ಲಿ ಓದಿದ್ದು ಆ ಸಂಖ್ಯೆಯಿಂದ ಹೇಗೂ ತಿಳಿಯುತ್ತದೆ, ಆದ್ದರಿಂದ ಮೊದಲಿನಿಂದಲೂ ಕೊಣಾಜೆಯವರೆಂದು ತೋರಿಸಿಕೊಳ್ಳುವ ಪ್ರಯತ್ನ ನಿಲ್ಲುವುದೂ ಇಲ್ಲ.

ನೀವು ಮಾಡಬೇಕಾದುದು ಇಷ್ಟೇ. ವರ್ಕಾಡಿಯ ವಿಳಾಸವನ್ನೇ ಬರೆದು, ದಿನವೂ ಮನೆಯಿಂದ ಬಂದು ಹೋಗುತ್ತಾಳೆಂದು ತಿಳಿಸಿ, ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ ಮತ್ತು ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡಬೇಕಾದಾಗ ಹೆಚ್ಚಿನ ಕಡೆ ಮಾತಿನ ನಿರಾಕರಣೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರಲ್ಲಿಗೆ ಹೋಗಿ. ಕಾಯ್ದೆಯ 32ನೆಯ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅನಂತರ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿಗೆ ಅವಕಾಶವಿದೆ.

ಬಾಡಿಗೆ ಕರಾರಿನ ಬಗ್ಗೆಯೂ ತಿಳಿದಿರಲಿ. ಬೇರೆಯವರ ಸಹಿ ಹಾಕಿ ಪತ್ರ ಸೃಷ್ಟಿಸಿದರೆ ಅದು ಫೋರ್ಜರಿ. ನಿಮ್ಮ ಭಾವನವರೇ ಸಹಿ ಹಾಕಿದರೂ, ಇಲ್ಲದ ಬಾಡಿಗೆಯನ್ನು ಇದೆಯೆಂದು ಬರೆದು ಸರ್ಕಾರಿ ಕಚೇರಿಯಿಂದ ಪ್ರಯೋಜನ ಪಡೆಯುವುದು ವಂಚನೆಯ ಕಲಮುಗಳಿಗೆ ಸಿಲುಕಬಹುದು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಈ ಅಪರಾಧಗಳು ಹಾಗೆಯೇ ಇವೆ. ಪ್ರಕರಣವಾದರೆ ಹೊಣೆ ಹೊರಬೇಕಾದವರು ನೀವು ಮತ್ತು ಮನೆ ಕೊಟ್ಟ ನಿಮ್ಮ ಭಾವ. ಪತ್ರ ಮಾಡಿಸಿಕೊಟ್ಟವರ ಹೆಸರು ಆ ಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ.

ಪ್ರಶ್ನೆ: ನಾನು ಮೀಂಜ ಪಂಚಾಯತಿನ ಗೃಹಿಣಿ. ಮಗನಿಗೆ ನವೋದಯ ಶಾಲೆಯಲ್ಲಿ ಓದುವ ಆಸೆ. ನಮಗೆ ದಕ್ಷಿಣ ಕನ್ನಡ ಜಿಲ್ಲೆಯ ಮುಡಿಪುವಿನ ನವೋದಯ ಹತ್ತಿರ, ನಮ್ಮ ಜಿಲ್ಲೆಯ ಪೆರಿಯದ ನವೋದಯ ಕಾಸರಗೋಡು ಪೇಟೆಗಿಂತಲೂ ಆಚೆ. ಆ ಜಿಲ್ಲೆಯಲ್ಲಿರುವ ತವರುಮನೆಯ ವಿಳಾಸ ಕೊಟ್ಟು ಮುಡಿಪುವಿಗೆ ಪರೀಕ್ಷೆ ಬರೆಸಬಹುದೇ?

ಉತ್ತರ: ಬರೆಸಬಾರದು. ಮೇಲಿನ ಉತ್ತರವನ್ನು ಓದಿ ಇಲ್ಲಿಯೂ ಅದೇ ನ್ಯಾಯ ಎಂದುಕೊಳ್ಳಬೇಡಿ, ಏಕೆಂದರೆ ಇಲ್ಲಿ ವಾಸಸ್ಥಳವೇ ಪ್ರವೇಶದ ನಿಜವಾದ ಷರತ್ತು. ನವೋದಯದ ಆರನೆಯ ತರಗತಿಯ ಪರೀಕ್ಷೆ ಬರೆಯುವ ಮಗು ಆಯಾ ಜಿಲ್ಲೆಯ ನಿವಾಸಿಯಾಗಿರಬೇಕು ಮತ್ತು ಅದೇ ಜಿಲ್ಲೆಯಲ್ಲಿ ಐದನೆಯ ತರಗತಿ ಓದುತ್ತಿರಬೇಕು. ಕನಿಷ್ಠ ಶೇಕಡಾ 75 ಸೀಟುಗಳು ಗ್ರಾಮೀಣ ಮಕ್ಕಳಿಗೆ, ಅವರು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಒಂದು ನವೋದಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಸರ್ಕಾರಿ ಶಾಲೆಗೆ ನಿಮ್ಮ ಮಗ ಸೇರಿದರೆ ಯಾರಿಗೂ ನಷ್ಟವಿಲ್ಲ, ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಗೆ ಅದು ಲಾಭವೂ ಹೌದು. ಆದರೆ ಇಲ್ಲಿ ಸುಳ್ಳು ವಿಳಾಸದಿಂದ ಅವನು ಒಳಗೆ ಹೋದರೆ ಬಂಟ್ವಾಳದ್ದೋ ಸುಳ್ಯದ್ದೋ ಒಂದು ಹಳ್ಳಿಯ ಮಗು ಹೊರಗುಳಿಯುತ್ತದೆ. ಆ ಮಗುವಿನ ತಾಯಿಗೂ ನಿಮ್ಮಷ್ಟೇ ಆಸೆ ಇರುತ್ತದೆ. ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಇದೇ ಮಾತು ಸಲ್ಲುತ್ತದೆ.

ಪೆರಿಯ ದೂರ ಎಂಬ ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ನವೋದಯ ವಸತಿ ಶಾಲೆ, ಮಗ ದಿನವೂ ಬಂದು ಹೋಗಬೇಕಾಗಿಲ್ಲ. ನಿಮ್ಮ ಕುಟುಂಬ ನಿಜವಾಗಿಯೇ ತವರುಮನೆಯ ಊರಿಗೆ ಹೋಗಿ ನೆಲೆಸಿ, ಮಗ ಅಲ್ಲಿಯೇ ಶಾಲೆಗೆ ಸೇರಿ ಓದಿದರೆ ಅದು ಸುಳ್ಳು ವಾಸವಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ಅಡುಗೆ ಎಲ್ಲಿ ನಡೆಯುತ್ತದೆ ಎಂಬುದರಿಂದ ವಾಸ ತೀರ್ಮಾನವಾಗುತ್ತದೆ.

ಪ್ರಶ್ನೆ: ನಾನು ಬದಿಯಡ್ಕದವನು. ಮಹಾಜನ ವರದಿಯ ಪ್ರಕಾರ ನಾವು ಕರ್ನಾಟಕದವರೇ. ನಮ್ಮನ್ನು ಕೇಳದೆ ಗಡಿ ಎಳೆದರು. ಹೀಗಿರುವಾಗ ಮಗುವಿಗಾಗಿ ಕರ್ನಾಟಕದ ವಿಳಾಸ ಕೊಟ್ಟರೆ ಅದನ್ನು ಸುಳ್ಳು ಎನ್ನಲು ಮನಸ್ಸು ಒಪ್ಪುವುದಿಲ್ಲ. ಇಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುವಾಗ ನಾವು ಇನ್ನೇನು ಮಾಡಬೇಕು?

ಉತ್ತರ: ನಿಮ್ಮ ನೋವಿನಲ್ಲಿ ನನ್ನ ಪಾಲೂ ಇದೆ. 1956ರ ನವೆಂಬರ್ 1ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಅರಿಯದವರನ್ನು ನೇಮಿಸಿದ್ದರ ವಿರುದ್ಧ ಮಕ್ಕಳೂ ತಂದೆತಾಯಿಯರೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಬೇಕಾಗಿ ಬಂದದ್ದು ಈ ಊರಿನವರಿಗೆಲ್ಲ ಗೊತ್ತಿರುವ ಸಂಗತಿ. ಗಣಿತವನ್ನೋ ವಿಜ್ಞಾನವನ್ನೋ ತನಗೆ ತಿಳಿಯದ ಭಾಷೆಯಲ್ಲಿ ಕೇಳಿಸಿಕೊಂಡು ವರ್ಷ ಕಳೆಯುವ ಮಗುವಿಗೆ ಆಗುವ ಅನ್ಯಾಯವನ್ನು ಸಣ್ಣದೆಂದು ಯಾರೂ ಹೇಳಲಾರರು.

ಆದರೂ ನಿಮ್ಮ ವಾದ ನಿಮ್ಮ ಉದ್ದೇಶಕ್ಕೇ ವಿರುದ್ಧವಾಗಿ ಕೆಲಸ ಮಾಡುತ್ತದೆ. ಕಾಸರಗೋಡಿನಲ್ಲಿ ಕನ್ನಡಿಗರಿಗೆ ಇರುವ ಹಕ್ಕುಗಳೆಲ್ಲವೂ ನಾವು ಇಲ್ಲಿದ್ದೇವೆ ಎಂಬ ಒಂದೇ ಸಂಗತಿಯ ಮೇಲೆ ನಿಂತಿವೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿ ಇಲ್ಲಿ ವಾಸವಿರುವ ಮಕ್ಕಳಿಗಾಗಿ ಇದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಕೊಟ್ಟ ಅವಕಾಶವೂ ಇಲ್ಲಿ ವಾಸವಿರುವವರಿಗೇ. ಕನ್ನಡ ಕುಟುಂಬಗಳು ತಾವಾಗಿಯೇ ಕಾಗದದ ಮೇಲೆ ಕೊಣಾಜೆಗೂ ವಿಟ್ಲಕ್ಕೂ ಪುತ್ತೂರಿಗೂ ಹೋಗಿಬಿಟ್ಟರೆ, ನಾಳೆ ಕನ್ನಡ ಅರಿತ ಅಧ್ಯಾಪಕರನ್ನು ಕೊಡಿ ಎಂದು ತಿರುವನಂತಪುರದಲ್ಲಿ ಕೇಳುವಾಗ ನಮ್ಮ ಬಳಿ ತೋರಿಸಲು ಹೆಸರುಗಳೇ ಇರುವುದಿಲ್ಲ.

ಶಾಲೆಯ ಮಟ್ಟದಲ್ಲಿ ಇದು ಇನ್ನಷ್ಟು ನೇರವಾಗಿ ಕಾಣುತ್ತದೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯನ್ನು ಲೆಕ್ಕಹಾಕಿ ಆ ವರ್ಷದ ಡಿವಿಷನ್‌ಗಳನ್ನೂ (ತರಗತಿಯ ವಿಭಾಗಗಳನ್ನೂ) ಅಧ್ಯಾಪಕ ಹುದ್ದೆಗಳನ್ನೂ ನಿಗದಿಪಡಿಸುತ್ತಾರೆ. ಎಲ್‌ಪಿ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕ ಎಂಬ ಪ್ರಮಾಣವಿರುವಾಗ, ಕೆಲವೇ ಮಕ್ಕಳು ಹೋದರೂ ಕನ್ನಡ ಡಿವಿಷನ್ ಒಂದು ಹೋಗಬಹುದು, ಪಕ್ಕದ ಮಲಯಾಳ ಡಿವಿಷನ್ ಉಳಿಯಬಹುದು. ಒಮ್ಮೆ ಹೋದ ಡಿವಿಷನ್ ಮರಳಿ ಬರುವುದು ಬಹಳ ಕಷ್ಟ. ಇನ್ನೂ ಒಂದು ಕೆಟ್ಟ ರೂಢಿಯಿದೆ. ಹುದ್ದೆ ಉಳಿಸಿಕೊಳ್ಳುವ ಆತಂಕದಲ್ಲಿ ಇಲ್ಲಿನ ಶಾಲೆಯವರು ಮಗುವಿನ ಹೆಸರನ್ನು ತೆಗೆಯದೆ ಇಟ್ಟುಕೊಳ್ಳುವುದು, ಮಗು ಆಚೆಯ ಶಾಲೆಯಲ್ಲಿ ಕುಳಿತಿರುವುದು. ಒಂದು ಸುಳ್ಳಿಗೆ ಹೀಗೆ ಎರಡನೆಯ ಸುಳ್ಳು ಜೊತೆಯಾಗುತ್ತದೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಇಡೀ ಶಾಲೆಯ ಹೆಸರು ಕೆಡುತ್ತದೆ, ನಿಜವಾಗಿ ಓದುತ್ತಿರುವ ಮಕ್ಕಳ ಸಂಖ್ಯೆಯನ್ನೂ ಅಧಿಕಾರಿಗಳು ನಂಬದಂತಾಗುತ್ತದೆ.

ನಿಮ್ಮ ಮಗುವನ್ನು ಆಚೆಯ ಶಾಲೆಗೆ ಕಳುಹಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಮಗುವಿನ ವಿದ್ಯೆಯ ತೀರ್ಮಾನ ನಿಮ್ಮದು, ಚಳವಳಿಯ ಭಾರವನ್ನು ಮಗುವಿನ ಹೆಗಲಿಗೆ ಹೊರಿಸಬಾರದು. ಕಳುಹಿಸುವುದಾದರೆ ಬದಿಯಡ್ಕದ ವಿಳಾಸದಿಂದಲೇ ಕಳುಹಿಸಿ, ಮತ್ತು ಇಲ್ಲಿನ ಶಾಲೆಯಿಂದ ಬಿಡಿಸುವಾಗ ಟಿಸಿ ಅರ್ಜಿಯಲ್ಲಿ ಕಾರಣವನ್ನು ಬರೆಯಿರಿ: ಕನ್ನಡ ಅರಿತ ಅಧ್ಯಾಪಕರಿಲ್ಲದ ಕಾರಣ ಬಿಡಿಸುತ್ತಿದ್ದೇವೆ ಎಂದು. ಹತ್ತು ಕುಟುಂಬಗಳು ಹೀಗೆ ಬರೆದುಕೊಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ, ನ್ಯಾಯಾಲಯದ ಮುಂದೆ ಇಡಲು ಬರುತ್ತದೆ. ಸುಳ್ಳು ವಿಳಾಸ ಕೊಟ್ಟು ಮೌನವಾಗಿ ಹೋದ ಹತ್ತು ಕುಟುಂಬಗಳಿಂದ ಅಂತಹ ದಾಖಲೆಯೇನೂ ಹುಟ್ಟುವುದಿಲ್ಲ.

ಪ್ರಶ್ನೆ: ನಾನು ಗಡಿಗೆ ತಾಗಿದ ಕರ್ನಾಟಕದ ಒಂದು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ನನ್ನ ಶಾಲೆಯ ಕೆಲವು ಮಕ್ಕಳು ಬೆಳಿಗ್ಗೆ ಕೇರಳದ ಕಡೆಯಿಂದ ಬರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ದಾಖಲೆಯಲ್ಲಿ ಮಾತ್ರ ಇಲ್ಲಿಯ ವಿಳಾಸ. ನಾನು ಏನು ಮಾಡಬೇಕು? ಮಕ್ಕಳನ್ನು ಹೊರಗೆ ಹಾಕಬೇಕೇ?

ಉತ್ತರ: ಖಂಡಿತ ಹಾಕಬೇಡಿ, ಟೀಚರ್. ಹದಿನಾಲ್ಕು ವರ್ಷದೊಳಗಿನ ಮಗು ತರಗತಿಯಲ್ಲಿ ಕುಳಿತಿರುವುದು ಹಕ್ಕಿನಿಂದ. ತಂದೆ ಕೊಟ್ಟ ಪತ್ರ ತಪ್ಪಾದರೆ ಮಗುವಿನ ಹಕ್ಕು ಹೋಗುವುದಿಲ್ಲ. ಮಗುವನ್ನು ನಿಲ್ಲಿಸಿ ನಿನ್ನ ಮನೆ ಎಲ್ಲಿ ಎಂದು ಎಲ್ಲರೆದುರು ಕೇಳುವುದೂ ಬೇಡ. ಕಾಯ್ದೆಯ 17ನೆಯ ಕಲಮು ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಮತ್ತು ಮನೆಯಲ್ಲಿ ಒಂದು ಊರು, ಶಾಲೆಯಲ್ಲಿ ಇನ್ನೊಂದು ಊರು ಹೇಳಬೇಕಾಗಿ ಬಂದ ಮಗು ಈಗಾಗಲೇ ಸಾಕಷ್ಟು ಭಯದಲ್ಲಿರುತ್ತದೆ.

ತಂದೆತಾಯಿಯರನ್ನು ಒಬ್ಬೊಬ್ಬರಾಗಿ ಕರೆದು, ಕೇರಳದ ವಿಳಾಸವಿದ್ದರೂ ಪ್ರವೇಶಕ್ಕೆ ತೊಂದರೆಯಿಲ್ಲ ಎಂದು ನೀವೇ ತಿಳಿಸಿ, ತಿದ್ದುಪಡಿಯ ಅರ್ಜಿ ತೆಗೆದುಕೊಳ್ಳಿ. ಈ ಮಾತು ಮುಖ್ಯ ಶಿಕ್ಷಕಿಯ ಬಾಯಿಂದ ಬಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ವರ್ಷ ಪ್ರವೇಶಕ್ಕೆ ಬಂದವರ ಬಳಿ ಸ್ಥಳೀಯ ಆಧಾರ್ ಕೇಳುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲೇ ಇದೆ. ಇಲ್ಲಿಯೇ ವಾಸವಿದ್ದಾರೆಂದು ದೃಢೀಕರಿಸುವ ಪತ್ರಕ್ಕೆ ಮಾತ್ರ, ನಿಮಗೆ ಸತ್ಯ ಗೊತ್ತಿರುವಾಗ, ಎಷ್ಟೇ ಒತ್ತಾಯ ಬಂದರೂ ಸಹಿ ಹಾಕಬೇಡಿ.

ಸರಿಯಾದ ವಿಳಾಸ ಏಕೆ ಬೇಕು ಎಂದು ಅವರು ಕೇಳಿದರೆ ಕೋವಿಡ್ ಕಾಲದ 2020ನ್ನು ನೆನಪಿಸಿ. ಆ ಮಾರ್ಚ್ ತಿಂಗಳಲ್ಲಿ ರಸ್ತೆಗಳಿಗೆ ಮಣ್ಣು ಸುರಿದು ಗಡಿಯನ್ನು ಮುಚ್ಚಲಾಯಿತು. ಜೂನ್ 25ರಿಂದ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ, ಕಾಸರಗೋಡಿನ ಕಡೆಯಿಂದ ಬಂದು ಓದುತ್ತಿದ್ದ ಮಕ್ಕಳನ್ನು ಪರೀಕ್ಷಾ ಕೇಂದ್ರಕ್ಕೆ ಕರೆತರಲು ಪ್ರತ್ಯೇಕ ಏರ್ಪಾಡು ಮಾಡಬೇಕಾಯಿತು. ಅಂತಹ ಪಟ್ಟಿ ತಯಾರಾಗುವುದು ಶಾಲೆಯಲ್ಲಿರುವ ವಿಳಾಸದಿಂದ. ಗಡಿಯಾಚೆ ಮನೆಯಿದೆ ಎಂದು ದಾಖಲೆಯಲ್ಲಿ ಇಲ್ಲದ ಮಗುವಿಗೆ ಗಡಿ ದಾಟುವ ಪಾಸು ಬೇಕೆಂದು ಯಾವ ಅಧಿಕಾರಿಗೂ ತಿಳಿಯುವ ದಾರಿಯಿಲ್ಲ.

ಪ್ರಶ್ನೆ: ನಮ್ಮದು ಪೆರ್ಲದ ಬಳಿ. ಮುಂದೆ ಮಗಳಿಗೆ ಕರ್ನಾಟಕದ ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಸಿಗಬೇಕಾದರೆ ಈಗಿನಿಂದಲೇ ಏಳು ವರ್ಷದ ವಾಸದ ದಾಖಲೆ ಮಾಡಿಡಬೇಕು ಎಂದು ನೆಂಟರು ಹೇಳುತ್ತಾರೆ. ಪುತ್ತೂರಿನಲ್ಲಿ ಹೆಸರಿಗೊಂದು ಮನೆ ಬಾಡಿಗೆಗೆ ಹಿಡಿಯಬೇಕೇ?

ಉತ್ತರ: ಬೇಡ. ನಿಮ್ಮ ನೆಂಟರು ಓದನ್ನೂ ವಾಸವನ್ನೂ ಒಂದೇ ಎಂದುಕೊಂಡಿದ್ದಾರೆ. ಸಿಇಟಿಯ ಸಾಮಾನ್ಯ ನಿಯಮವು ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರುವುದನ್ನು ನೋಡುತ್ತದೆ. ಆರನೆಯ ತರಗತಿಗೆ ಅಲ್ಲಿ ಸೇರಿ ಪಿಯುಸಿ ಮುಗಿಸಿದರೆ ಸರಿಯಾಗಿ ಏಳು ವರ್ಷವಾಗುತ್ತದೆ. ಅದಕ್ಕೆ ಬೇಕಾದುದು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯಿರುವ ವ್ಯಾಸಂಗ ಪ್ರಮಾಣಪತ್ರ. ಪುತ್ತೂರಿನ ಬಾಡಿಗೆ ಚೀಟಿಯಿಂದ ಆಗುವುದೇನೂ ಇಲ್ಲ.

ಇದಕ್ಕಿಂತ ಮಹತ್ವದ ವಿಷಯವೆಂದರೆ, ಇಲ್ಲಿಯೇ ಓದಿದ ಮಕ್ಕಳಿಗೂ ದಾರಿ ಇದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಅಥವಾ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ನಿವಾಸಿಗಳಾದವರಿಗೆ ಗಡಿನಾಡ ಕನ್ನಡಿಗರೆಂಬ ಪ್ರತ್ಯೇಕ ಅರ್ಹತೆಯನ್ನು ಕರ್ನಾಟಕ ಕೊಟ್ಟಿದೆ, ಮತ್ತು ಅದಕ್ಕಾಗಿ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಈ ಅರ್ಹತೆ ನಿಂತಿರುವುದು ನೀವು ಗಡಿನಾಡಿನ ನಿವಾಸಿಗಳು ಎಂಬುದರ ಮೇಲೆ. ಏಳು ವರ್ಷ ಪುತ್ತೂರಿನವರೆಂದು ದಾಖಲೆ ಸೃಷ್ಟಿಸಿಕೊಂಡು ಕೊನೆಗೆ ಗಡಿನಾಡಿನವರೆಂದು ಹೇಳಲು ಹೋದರೆ ನಿಮ್ಮ ಕಾಗದಗಳೇ ನಿಮಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ. ಜಾತಿಯಾಧಾರಿತ ಮೀಸಲಾತಿಯನ್ನು ನಂಬಿಕೊಂಡು ವಿಳಾಸ ಬದಲಾಯಿಸಬೇಕೆಂದಿದ್ದರೆ ಅದೂ ಫಲಿಸದು. ಒಂದು ರಾಜ್ಯದಲ್ಲಿ ಪರಿಶಿಷ್ಟರೆಂದು ಗುರುತಿಸಲ್ಪಟ್ಟವರು ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಅಲ್ಲಿನ ಮೀಸಲಾತಿಗೆ ಹಕ್ಕುದಾರರಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲೇ ತೀರ್ಪು ಕೊಟ್ಟಿದೆ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಸುಳ್ಳು ವಿಳಾಸ ಕೊಟ್ಟು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದ ತಾಯಿಯನ್ನು ಜೈಲಿಗೆ ಹಾಕಿದ್ದರಂತೆ. ಓದಿಸಿದ್ದಕ್ಕೆ ಜೈಲೇ? (ಕುಂಬಳೆಯ ಹಿರಿಯ ಓದುಗರು)

ಉತ್ತರ: ಹೌದು, ಅದು ನಡೆದ ಸಂಗತಿ. ಒಹಾಯೊ ರಾಜ್ಯದ ಆಕ್ರನ್ ನಗರದ ಕೆಲ್ಲಿ ವಿಲಿಯಮ್ಸ್-ಬೋಲರ್ ಎಂಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತನ್ನ ತಂದೆಯ ಮನೆಯ ವಿಳಾಸ ಕೊಟ್ಟು ನೆರೆಯ ಕಾಪ್ಲಿ-ಫೇರ್‌ಲಾನ್ ಶಾಲಾ ಜಿಲ್ಲೆಗೆ ಸೇರಿಸಿದ್ದರು. 2011ರ ಜನವರಿಯಲ್ಲಿ ದಾಖಲೆ ತಿದ್ದಿದ ಅಪರಾಧಕ್ಕೆ ಅವರಿಗೆ 10 ದಿನಗಳ ಜೈಲು ಶಿಕ್ಷೆಯಾಯಿತು. ದೇಶದಾದ್ಯಂತ ಜನ ಮರುಗಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯಪಾಲ ಜಾನ್ ಕೇಸಿಕ್ ಅವರು ಆ ಗುರುತರ ಅಪರಾಧವನ್ನು ಲಘು ಅಪರಾಧಕ್ಕೆ ಇಳಿಸಿದರು.

ಅಲ್ಲಿ ಇದು ಇಷ್ಟು ಕಠಿಣವಾಗಲು ಕಾರಣ ಶಾಲೆಗಳಿಗೆ ಹಣ ಬರುವ ರೀತಿ. ಶಾಲೆಯ ವೆಚ್ಚದ ದೊಡ್ಡ ಪಾಲು ಆ ಶಾಲಾ ಜಿಲ್ಲೆಯ ಮನೆ ಮತ್ತು ಭೂಮಿಯ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಕಡೆ ಶಾಲೆಯೂ ಸಮೃದ್ಧ, ಬಡವರ ಕೇರಿಗಳಲ್ಲಿ ಶಾಲೆಯೂ ಬಡ. ಹೊರಗಿನ ಮಗು ಬಂದರೆ ತಮ್ಮ ತೆರಿಗೆಯ ಹಣ ಹೋಯಿತೆಂದು ಅಲ್ಲಿಯವರು ಭಾವಿಸುತ್ತಾರೆ, ಕೆಲವು ಶಾಲಾ ಜಿಲ್ಲೆಗಳು ಮಕ್ಕಳ ಮನೆ ಪತ್ತೆಮಾಡಲು ತನಿಖೆಗಾರರನ್ನೂ ನೇಮಿಸಿಕೊಳ್ಳುತ್ತವೆ. ಮನೆಯೇ ಇಲ್ಲದ ಮಕ್ಕಳನ್ನು ಮಾತ್ರ ದಾಖಲೆ ಕೇಳದೆ ಕೂಡಲೇ ಸೇರಿಸಿಕೊಳ್ಳಬೇಕೆಂದು 1987ರ ಮೆಕಿನ್ನಿ-ವೆಂಟೊ ಕಾಯ್ದೆಯಿಂದ ಬೆಳೆದು ಬಂದ ನಿಯಮ ಹೇಳುತ್ತದೆ. ನಮ್ಮಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಅಧ್ಯಾಪಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ, ವರ್ಕಾಡಿಯ ಮಗು ಆಚೆ ಹೋದರೆ ಕೊಣಾಜೆಯವರ ಮನೆತೆರಿಗೆ ಏರುವುದಿಲ್ಲ. ಹೀಗಾಗಿ ಆ ತಾಯಿಗೆ ಇಲ್ಲದಿದ್ದ ಕಾನೂನಿನ ಬಾಗಿಲು ನಮ್ಮ ತಾಯಂದಿರಿಗೆ ತೆರೆದಿದೆ. ಅವರ ಸಂಕಟಕ್ಕೆ ನಾನೂ ಮರುಗುತ್ತೇನೆ, ಆದರೆ ಆ ಉದಾಹರಣೆಯನ್ನು ನಮ್ಮಲ್ಲಿ ಸುಳ್ಳು ವಿಳಾಸ ಕೊಡುವವರ ಸಮರ್ಥನೆಗೆ ಬಳಸುವುದು ಸರಿಯಾಗದು.

ಪ್ರಶ್ನೆ: ಎರಡು ವರ್ಷದ ಹಿಂದೆಯೇ ನಾವು ಆಧಾರ್, ಮತದಾರರ ಪಟ್ಟಿ ಎಲ್ಲವನ್ನೂ ತೊಕ್ಕೊಟ್ಟಿನ ವಿಳಾಸಕ್ಕೆ ಮಾಡಿಸಿಬಿಟ್ಟೆವು. ಇರುವುದು ಮಂಜೇಶ್ವರದಲ್ಲಿ. ಇಲ್ಲಿನ ಪಟ್ಟಿಯಲ್ಲೂ ಹೆಸರಿದೆ. ಈಗ ಹೆದರಿಕೆಯಾಗುತ್ತಿದೆ.

ಉತ್ತರ: ಸರಿಪಡಿಸಿಕೊಳ್ಳಿ, ಮೊದಲು ಮತದಾರರ ಪಟ್ಟಿಯಿಂದ ಆರಂಭಿಸಿ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ, ಮತ್ತು ಪಟ್ಟಿಗೆ ಸೇರಲು ಸುಳ್ಳು ಘೋಷಣೆ ಕೊಟ್ಟವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಲು 31ನೆಯ ಕಲಮಿನಲ್ಲಿ ಅವಕಾಶವಿದೆ. ವಾಸವಿಲ್ಲದ ಕಡೆಯ ಹೆಸರನ್ನು ತೆಗೆಸಲು ಫಾರಂ 7 ಕೊಡಿ. ಆಧಾರ್ ವಿಳಾಸವನ್ನು ಮಂಜೇಶ್ವರಕ್ಕೆ ಬದಲಾಯಿಸಲು ಸರ್ಕಾರಿ ಸೇವೆ ಒದಗಿಸುವ ಅಕ್ಷಯ ಕೇಂದ್ರಕ್ಕೆ ನಿಜವಾದ ರೇಷನ್ ಕಾರ್ಡು ತೆಗೆದುಕೊಂಡು ಹೋಗಿ. ಅನಂತರ ಶಾಲೆಗೆ ಹೋಗಿ ಮಗುವಿನ ವಿಳಾಸ ತಿದ್ದಲು ಅರ್ಜಿ ಕೊಡಿ. ಹೆಸರು, ಜನ್ಮದಿನಾಂಕಗಳ ತಿದ್ದುಪಡಿಯಷ್ಟು ಕಷ್ಟ ಇದರಲ್ಲಿಲ್ಲ. ಈಗಾಗಲೇ ನೋಟಿಸು ಬಂದಿದ್ದರೆ ಮಾತ್ರ ಯಾವ ಹೇಳಿಕೆಯನ್ನೂ ಬರೆದುಕೊಡುವ ಮೊದಲು ವಕೀಲರನ್ನು ಕಾಣಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.